ಕೊನೆಯ ಬೆಂಚಿನ ಜೋಡಿ

ಗ್ರೋನಿಂಗನ್ ಪಟ್ಟಣದ ಮೆನ್ನೊನೈಟ್ ಪಂಥದ ಕ್ರೈಸ್ತರ ಪ್ರಾರ್ಥನಾಮಂದಿರ ಬೀದಿಗೆ ಕಾಣುತ್ತಿರಲಿಲ್ಲ. ಬಟ್ಟೆ ವ್ಯಾಪಾರಿಯೊಬ್ಬನ ಮನೆಯ ಹಿಂದೆ, ಗೋಪುರವಿಲ್ಲದೆ, ಗಂಟೆಯಿಲ್ಲದೆ, ಉಗ್ರಾಣದ ಹಾಗೆ ನಿಂತಿತ್ತು. ಮರುದಿನ ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನ. ಅದಕ್ಕೆ ಮುಂಚೆ ಹೆಂಗಸರು ಜೋಡಿಯಾಗಿ ಎದುರುಬದುರು ಕೂತು ಒಬ್ಬರ ಕಾಲನ್ನು ಒಬ್ಬರು ತೊಳೆಯಬೇಕು. ಬೋಗುಣಿಗಳನ್ನು ಉಜ್ಜಲು ಬಂದವರು ಸಂಜೆಯ ಮಳೆಗೆ ಸಿಕ್ಕಿಕೊಂಡು, ಕೆಂಡದ ಪೆಟ್ಟಿಗೆಗಳ ಮೇಲೆ ಪಾದವಿಟ್ಟು ಕೂತಿದ್ದರು.

ಅವರಲ್ಲಿ ಹಿಲ್ಯ ಹೊಸಬಳು. ಗಂಡನನ್ನು ಸಮುದ್ರ ನುಂಗಿದ ಮೇಲೆ ಅವಳಿಗೆ ತನ್ನವರೆಂದು ಯಾರೂ ಉಳಿದಿರಲಿಲ್ಲ. ತನ್ನನ್ನೂ ಸೇರಿಸಿಕೊಳ್ಳಿ ಎಂದು ಈ ಸಭೆಯವರನ್ನು ಕೇಳಿಕೊಂಡು ಬಂದಳು, ಹೋದ ವಾರ ದೀಕ್ಷಾಸ್ನಾನವಾಗಿತ್ತು. ಹೊಸಬರು ಕೊನೆಯ ಬೆಂಚಿನಲ್ಲಿ ಕೂರುವುದು ಅಲ್ಲಿಯ ರೂಢಿ.

"ನಾಳೆ ನನಗೆ ಜೋಡಿ ಯಾರು?" ಎಂದು ಕೇಳಿದಳು.

ಅವಳು ಸೇರಿದ್ದರಿಂದ ಹೆಂಗಸರ ಸಂಖ್ಯೆ ಬೆಸವಾಗಿತ್ತು.

"ಯಾಕೆ, ಆಫ್ಕೆ ಇದಾಳಲ್ಲ!" ರೊಟ್ಟಿ ಅಂಗಡಿಯ ತ್ರೈನ್ ಕಿಸಕ್ಕನೆ ನಕ್ಕಳು.

"ಬಾಯಿ ಮುಚ್ಚೇ! ನಿನ್ನ ರೊಟ್ಟಿ ಉಬ್ಬದೇ ಹೋಗ್ಲಿ!" ಗ್ರೀತಜ್ಜಿ ಗದರಿದಳು. "ತಮಾಷೆಗೆ ಎತ್ತೋ ಹೆಸರಾ ಅದು? ಹತ್ರ ಬಾ ಹಿಲ್ಯ. ನೀನು ಕೇಳ್ಲೇಬೇಕು ಇದನ್ನ.

"ನಮ್ಮಜ್ಜಿ ಕಾಲದ್ದು... ಮಾರ್ತಾ, ಆಫ್ಕೆ ಅಂತ ಅಕ್ಕತಂಗೀರು. ತಂಗಿ ಆಫ್ಕೆ ಒಬ್ಬ ಸಿಪಾಯೀನ ಮದುವೆ ಆದ್ಲು. ಕತ್ತಿ ಮುಟ್ಟದ ಜನ ನಾವು, ಬಿಡ್ತೀವಾ? ಬಹಿಷ್ಕಾರ ಬಿತ್ತು. ಜೊತೇಲಿ ಉಣ್ಣೋ ಹಾಗಿಲ್ಲ, ಮಾತಾಡೋ ಹಾಗಿಲ್ಲ, ಒಡಹುಟ್ಟಿದೋಳಾದ್ರೂ ಅಷ್ಟೇ. ಆ ಸಿಪಾಯಿ ಸತ್ತ. ಇವಳು ವಾಪಸ್ ಬಂದ್ಲು, ತಪ್ಪಾಯ್ತು ಅಂದ್ಲು, ಭಾನುವಾರ ಭಾನುವಾರ ಇದೇ ಬಾಗಿಲ ಹೊರಗೆ ಬರಿಗಾಲಲ್ಲಿ ಕೆಸರಲ್ಲಿ ನಿಂತಿರೋಳು, ನಮ್ಮೋರು ಪಕ್ಕದಲ್ಲೇ ಹಾದು ಒಳಗೆ ಬರೋರು... ಕಂಬ ದಾಟಿ ಬಂದ ಹಾಗೆ.

"ಕೊನೆಗೊಂದು ದಿನ ಹಿರಿಯರು ಕೂತು, ಬಹಿಷ್ಕಾರ ತೆಗೆಯೋಣ ಅಂತ ತೀರ್ಮಾನ ಮಾಡಿದ್ರು. ಮಾರ್ತಾಗೆ ಆವತ್ತೇ ಗೊತ್ತಾಯ್ತು. ಆದ್ರೆ ಭಾನುವಾರ ಸಭೆ ಮುಂದೆ ಹೇಳೋ ತನಕ ಅದು ಜಾರಿಗೆ ಬರಲ್ವಲ್ಲ? ಮಾರನೇ ದಿನ ಸೇತುವೆ ಮೇಲೆ ತಂಗಿ ಎದುರಾದ್ಲು. 'ಅಕ್ಕಾ, ಒಂದೇ ಒಂದು ಮಾತಾಡೇ' ಅಂದ್ಲು. ಸುದ್ದಿ ಮಾರ್ತಾಳ ನಾಲಿಗೆ ತುದೀಲಿತ್ತು... ನುಂಗಿಕೊಂಡ್ಲು. ನಿಯಮ ಅಂದ್ರೆ ನಿಯಮ. ಇನ್ನೇನು ಭಾನುವಾರ ಬಂತಲ್ಲ ಅಂತ ಮುಖ ತಿರುಗಿಸಿಕೊಂಡು ಹೋದ್ಲು. ಶನಿವಾರ ಆಫ್ಕೆ ಕಾಲುವೇಲಿ ತೇಲ್ತಾ ಇದ್ಲು.

"ಭಾನುವಾರ ಸತ್ತೋಳ ಬಹಿಷ್ಕಾರ ತೆಗೆದ್ರು! ಏನು ಬಂತು, ಹೇಳಿ? ಆಮೇಲಿನ ಪ್ರಭುಭೋಜನಕ್ಕೆ ಹೆಂಗಸರು ಬೆಸ. ಮಾರ್ತಾ ಕೊನೆ ಬೆಂಚಲ್ಲಿ ಒಂಟಿ. ತಲೆ ತಗ್ಗಿಸಿ ಪ್ರಾರ್ಥನೆ ಮಾಡಿ ಕಣ್ಣು ಬಿಡ್ತಾಳೆ... ಎದುರಿಗಿದ್ದ ಬೋಗುಣೀಲಿ ಎರಡು ಪಾದ. ಕೆಸರು ಮೆತ್ತಿದೆ, ಬೆರಳ ಸಂದೀಲಿ ಕಾಲುವೆ ಪಾಚಿ. ಬಗ್ಗಿ ತೊಳೆದ್ಲು. ತೊಳೆದಷ್ಟೂ ಕೆಸರು ಬರ್ತಾನೇ ಇದೆ, ನೀರು ತಣ್ಣಗಾಗ್ತಾನೇ ಇದೆ... ಆಮೇಲೆ? ತೊಳೆಸಿಕೊಂಡೋರು ತಿರುಗಿ ತೊಳೀಬೇಕಲ್ಲ! ಆ ಕೈಗಳು ಮಾರ್ತಾಳ ಕಾಲು ಹಿಡಿದ್ವು. ಪಕ್ಕದೋರು ತಿರುಗಿ ನೋಡಿದಾಗ ಅವಳು ಕೂತ ಹಾಗೇ ಇದ್ಲು... ಮೊಣಕಾಲ ತನಕ ನೀಲಿ. ಉಸಿರಿರ್ಲಿಲ್ಲ. ಆವತ್ತಿಂದ ಹೆಂಗಸರು ಬೆಸ ಆದಾಗೆಲ್ಲ ನಮ್ಮಲ್ಲಿ ಒಬ್ರು ಮನೇಲೇ ಉಳೀತಾರೆ."

ಹಿಲ್ಯಳಿಗೆ ಕೆಂಡದ ಮೇಲಿದ್ದ ಪಾದವೂ ಚಳಿಗಟ್ಟಿದಂತಾಯಿತು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಇಲ್ಲಿಂದಲೂ ಹೋಗು ಅಂದರೆ ಅವಳು ಹೋಗುವುದಾದರೂ ಎಲ್ಲಿಗೆ?

"ಹಾಗಾದ್ರೆ ಅಜ್ಜಿ... ನಾಳೆ ನಾನು ಬರೋದು ಬೇಡ್ವಾ?"

"ಬರದೆ ಏನು? ಒಬ್ಬಳನ್ನ ಹೊರಗೆ ನಿಲ್ಲಿಸಿದ್ದು ಸಾಕಾಗ್ಲಿಲ್ವಾ ನಮಗೆ? ನೀನು ನನ್ನ ಜಾಗದಲ್ಲಿ ಎಲ್ಸಾ ಎದುರು ಕೂತ್ಕೋ. ಕೊನೆ ಬೆಂಚು ನಂಗಿರಲಿ."

ತ್ರೈನ್‌ಳ ಮುಖದಲ್ಲಿ ನಗು ಇರಲಿಲ್ಲ. "ಹುಚ್ಚಾ ಅಜ್ಜಿ ನಿಂಗೆ? ಸುಮ್ನೆ ಮನೇಲಿ ಇದ್ಬಿಡು."

"ಇದ್ದು ಏನು ಮಾಡ್ಲಿ? ಈಸ್ಟರ್ ಹಬ್ಬದಲ್ಲಿ ನನ್ನ ಜೋಡಿ ಎಲ್ಸಾ ಜ್ವರ ಬಂದು ಕೊನೇ ಗಳಿಗೇಲಿ ಎದ್ದು ಹೋದ್ಲು, ನಾನೊಬ್ಬಳೇ ಕೂತಿದ್ದೆ... ಒಬ್ಬಳೇ ಅಂತ ನೀವು ಅಂದ್ಕೊಂಡ್ರಿ." ಅಜ್ಜಿ ದನಿ ತಗ್ಗಿಸಿದಳು. "ತೊಳೆದೆ ಕಣ್ರೇ, ಆ ಕಾಲು. ಅವಳು ನನ್ನ ಕಾಲಿಗೆ ಕೈ ಚಾಚೋ ಹೊತ್ತಿಗೆ ಕಾಲು ತೊಳೆಯೋವಾಗಿನ ಹಾಡು ಮುಗೀತು, ನೀವೆಲ್ಲ ಎದ್ದುಬಿಟ್ರಿ... ನನ್ನ ಕಾಲು ತೊಳೆಯೋದು ಅವಳಿಗೆ ಇನ್ನೂ ಬಾಕಿ ಇದೆ."