ತೊಟ್ಟಿಗೆ ಸುರಿಯದ ನೀರು

ದೀಪ ಸ್ವಲ್ಪ ಸಣ್ಣ ಮಾಡಿ... ಇದು ಎಲ್ಲೋ ಕೇಳಿದ ಮಾತಲ್ಲ. ನನ್ನ ಚಿಕ್ಕಮ್ಮನ ಮಗ ಸೂಸೈಗೆ ಆದದ್ದು. ನಂಬಿಕೆ ಇಲ್ಲದವರು ಬೆಳಗಾದ ಮೇಲೆ ಅವನನ್ನೇ ಕೇಳಿಕೊಳ್ಳಿ.

ಆ ಇರುಳು ಅವನು ಕೊಡ ಹಿಡಿದು ಆಲದ ಮರದ ಬಾವಿಯಿಂದ ಮನೆಗೆ ಹೊರಟಿದ್ದ. ಆ ವರ್ಷ ನಮ್ಮ ನೆಡುಂದೀವು ದ್ವೀಪಕ್ಕೆ ಮಳೆ ಮುಖವನ್ನೇ ತೋರಿಸಲಿಲ್ಲ. ಉಳಿದ ಬಾವಿಗಳೆಲ್ಲ ಉಪ್ಪಾಗಿ, ಸಿಹಿನೀರು ಉಳಿದದ್ದು ಅದೊಂದರಲ್ಲೇ. ಅದೂ ಒಸರಿ ಒಸರಿ ಒಂದು ಕೊಡ ತುಂಬಿದರೆ ಪುಣ್ಯ. ಬಯಲಿನಲ್ಲಿ ಅಲೆಯುವ ಒಡೆಯರಿಲ್ಲದ ಕುದುರೆಗಳು ಬಾವಿಯ ಪಕ್ಕದ ಕಲ್ಲುತೊಟ್ಟಿಗೆ ಮೂತಿ ಹಾಕಿ ನಿಂತಿರುತ್ತಿದ್ದವು. ಯಾರೇ ಸೇದಲಿ, ಮೊದಲು ಸೇದಿದ್ದು ಆ ತೊಟ್ಟಿಗೆ, ಆಮೇಲಿನದು ಮನೆಗೆ. ಅಜ್ಜಂದಿರ ಕಾಲದಿಂದ ಇಲ್ಲಿ ಹಾಗೆಯೇ.

ಸೂಸೈ ಸುರಿಯಲಿಲ್ಲ.

ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಕೂಸು ರೋಸಲಿನ್‌ಗೆ ವಾಂತಿ, ಭೇದಿ. ಹೆಂಡತಿ ಜೆಸಿಂತಾಳ ಎದೆಹಾಲು ಬತ್ತಿಹೋಗಿತ್ತು. ಆಚೆ ದಡದ ಆಸ್ಪತ್ರೆಗೆ ಹೋಗೋಣವೆಂದರೆ ಗಾಳಿಯ ಹೊಡೆತಕ್ಕೆ ದೋಣಿ ಯಾವುದೂ ಹೊರಡುತ್ತಿರಲಿಲ್ಲ. "ಸಿಹಿನೀರು ಕಾಯಿಸಿ ಹನಿ ಹನಿ ಬಿಡ್ತಾ ಇರಿ. ದೋಣಿ ಹೊರಡೋ ತನಕ ಜೀವ ಹಿಡಿದ್ರೆ ಸಾಕು," ಅಂದಿದ್ದಳು ನರ್ಸಮ್ಮ.

ತೊಟ್ಟಿಯ ಹತ್ತಿರ ಹಣೆಯಲ್ಲಿ ಬಿಳಿ ಮಚ್ಚೆಯ ಹೆಣ್ಣು ಕುದುರೆಯೊಂದು ನಿಂತಿತ್ತು. ಅದರ ಕಾಲ ಬುಡದಲ್ಲಿ ಮರಿ ಮಲಗಿತ್ತು. ಮರದ ಕೆಳಗಿನ ಕತ್ತಲಿಂದ ಅಂದೋನಿ ಮುದುಕನ ದನಿ ಬಂತು.

"ಏನೋ, ತೊಟ್ಟಿಗೆ ಹಾಕ್ದೆ ಹೊರಟ್ಯಾ? ಮದ್ವೆ ಆದ್ಮೇಲೆ ಸೊಂಟಾನೂ ಬಗ್ಗಲ್ವಾ?"

"ಇರೋದೇ ಇಷ್ಟು ಮಾಮ... ಮಗೂಗೆ."

"ಅದಕ್ಕೂ ಮಗು ಇದೆಯಲ್ಲೋ."

ಸೂಸೈ ನಿಲ್ಲಲಿಲ್ಲ. ಹಿಂದೆ ಒಣಕಲ್ಲನ್ನು ನಾಲಿಗೆ ಉಜ್ಜುವ ಸದ್ದು... ಸರಕ್... ಸರಕ್... ಮನೆಯ ತಿರುವಿನವರೆಗೂ ಕೇಳುತ್ತಲೇ ಇತ್ತು.

ಬೆಳಿಗ್ಗೆ ಮರಿ ಸತ್ತಿತ್ತು. ಸಂಜೆಗೆ ತಾಯಿಯೂ ಅದರ ಪಕ್ಕ ಉರುಳಿಕೊಂಡಿತು, ಮತ್ತೆ ಏಳಲಿಲ್ಲ. ಸೂಸೈ ಕಣ್ಣಾರೆ ಕಂಡ. ಮನೆಯಲ್ಲಿ ಹೇಳಲಿಲ್ಲ.

ಅದೇ ರಾತ್ರಿ... ಗಂಡ ಹೆಂಡತಿ ಕೂಸಿನ ಅಕ್ಕಪಕ್ಕ ಕೂತಿದ್ದರು. ಹೊರಗೆ ಹವಳಗಲ್ಲಿನ ಗೋಡೆಯ ಆಚೆ ಗೊರಸು ಊರಿದ ಸದ್ದು. ಟೊಕ್... ಟೊಕ್... ನಿಂತಿತು. ಮತ್ತೆ ಟೊಕ್... ಮನೆಯನ್ನು ಒಂದು ಸುತ್ತು ಹಾಕಿತು. ಆಮೇಲೆ ಸದ್ದು ಒಳಗೇ ಬಂತು. ನೀರಿನ ಕೊಡವಿದ್ದ ಮೂಲೆಯಲ್ಲಿ... ಗೊಟಕ್... ಗೊಟಕ್... ಗೊಟಕ್.

ಜೆಸಿಂತಾ ಎದ್ದು ಮುಚ್ಚಳ ತೆಗೆದಳು. ಮುಕ್ಕಾಲು ಕೊಡ ಇದ್ದ ನೀರು ತಳಕ್ಕಿಳಿದಿತ್ತು, ಒಂದೆರಡು ಚೆಂಬು ಉಳಿದಿದ್ದರೆ ಹೆಚ್ಚು. ನೆಲದಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ.

"ರೀ..." ಅವಳು ಮುಚ್ಚಳ ಹಿಡಿದುಕೊಂಡೇ ತಿರುಗಿದಳು. "ನಿನ್ನೆ ತೊಟ್ಟಿಗೆ ಹಾಕಿದ್ರಾ?"

"ಹಾಕ್ದೆ."

"ಮಗು ತಲೆ ಮುಟ್ಟಿ ಹೇಳಿ."

ಅವನ ಕೈ ಏಳಲಿಲ್ಲ. ಜೆಸಿಂತಾ ಕೊಡ ಎತ್ತಿ ಅವನ ಕೈಗೆ ಕೊಟ್ಟಳು.

"ಉಳಿದಿದ್ದನ್ನ ಸುರಿದು ಬನ್ನಿ."

"ಮಗೂಗೆ?"

"ಇದು ಹೇಗೂ ನಮಗೆ ಉಳಿಯೋ ನೀರಲ್ಲ."

ಕೂಸಿನ ನಾಲಿಗೆ ಆಗಲೇ ಒಣಗಿ ಅಂಟಿಕೊಂಡಿತ್ತು. ಅಳುವುದನ್ನೂ ಬಿಟ್ಟಿತ್ತು. ಅದನ್ನು ನೋಡಿಕೊಂಡೇ ಸೂಸೈ ಆ ನೀರನ್ನು ಹೊತ್ತು ಹೊರಬಿದ್ದ. ತಾನು ಮಗಳ ಜೀವವನ್ನೇ ಚೆಲ್ಲಲು ಹೊರಟಿದ್ದೇನೆ ಎಂದುಕೊಳ್ಳುತ್ತ, ದಾರಿಯುದ್ದಕ್ಕೂ ಎದೆ ಬಡಿದುಕೊಂಡು ಅತ್ತನಂತೆ.

ಬೆಳದಿಂಗಳಿಗೆ ಎರಡು ಹೆಣ ಬಿದ್ದಿದ್ದವು, ದೊಡ್ಡದೊಂದು, ಚಿಕ್ಕದೊಂದು. ತೊಟ್ಟಿಗೆ ನೀರು ಸುರಿದ.

"ತಪ್ಪಾಯ್ತು ತಾಯಿ," ಅಂದ. "ನಂದನ್ನಾದ್ರೂ ಬಿಟ್ಬಿಡು."

ಹೆಣ ಅಲುಗಲಿಲ್ಲ. ಆದರೆ ತೊಟ್ಟಿಯಲ್ಲಿ ನೀರು ಇಳಿಯತೊಡಗಿತು... ಗೊಟಕ್... ಗೊಟಕ್... ಅದರ ಪಕ್ಕದಲ್ಲೇ ಇನ್ನೊಂದು ಸದ್ದು, ಸಣ್ಣದು. ಚಪ್... ಚಪ್... ಚಪ್. ಎರಡು ಬಾಯಿ. ತೊಟ್ಟಿಯ ಹತ್ತಿರ ಮಾತ್ರ ಯಾರೂ ಇಲ್ಲ.

ಅವನು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಬಡಿದು ಬಡಿದು ಕೈ ಸೋತ ಮೇಲೆ ಜೆಸಿಂತಾ ತೆಗೆದಳು.

"ಕಣ್ಣು ಹತ್ತಿಬಿಟ್ಟಿತ್ತು ರೀ..."

ತೊಟ್ಟಿಲಿನಿಂದ ಸದ್ದಿಲ್ಲ. ಮುಗಿಯಿತು ಎಂದುಕೊಂಡೇ ಸೂಸೈ ಕೈ ಹಾಕಿದ. ಕೂಸಿನ ಹೊಟ್ಟೆ ದುಂಡಗಿತ್ತು, ಬೆಚ್ಚಗಿತ್ತು. ಮುಟ್ಟಿದ್ದಕ್ಕೆ ಒಂದು ತೇಗು ತೇಗಿತು. ತುಟಿಯಂಚಿನಲ್ಲಿ ಬೆಳ್ಳಗೆ ಏನೋ ಹತ್ತಿತ್ತು. ಬಗ್ಗಿ ಮೂಸಿ ನೋಡಿದ. ಹಾಲು.

"ನೀನು ಕೊಟ್ಯಾ?"

ಜೆಸಿಂತಾ ತನ್ನ ಎದೆ ಒತ್ತಿ ನೋಡಿಕೊಂಡಳು. ಇಲ್ಲವೆಂದು ತಲೆಯಾಡಿಸಿದಳು. ಆಗ ಇಡೀ ಕೇರಿಯಲ್ಲಿ ಹಾಲು ಕೊಡುವ ಆಡು ಒಂದೂ ಇರಲಿಲ್ಲ.

ಗಾಳಿ ಇಳಿದು, ಬೆಳಗಿನ ಮೊದಲ ದೋಣಿಗೇ ಅವರು ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದರು. ಆ ರೋಸಲಿನ್ ಈಗ ಇದೇ ದಾರಿಯಲ್ಲಿ ಶಾಲೆಗೆ ಹೋಗುತ್ತಾಳೆ, ನೀವೆಲ್ಲ ನೋಡಿದ್ದೀರಿ.

ಅವತ್ತೇ ಬೆಳಿಗ್ಗೆ ಆ ಕುದುರೆಗಳನ್ನು ಎಳೆದು ಹೂಳಲು ಹೋದವರಲ್ಲಿ ನಾನೂ ಒಬ್ಬ. ತಾಯಿ ಕುದುರೆಯ ಕಾಲಿಗೆ ಹಗ್ಗ ಕಟ್ಟಲು ಬಗ್ಗಿದವನು ನಾನೇ. ಹಿಂದಿನ ಸಂಜೆ ಸತ್ತ ಪ್ರಾಣಿ, ಕಾಲೆಲ್ಲ ಸೆಟೆದು ಕೊರಡಾಗಿತ್ತು. ನಗುವವರು ನಗಲಿ, ನಾನು ಮುಟ್ಟಿ ನೋಡಿದ್ದನ್ನು ಹೇಳುತ್ತೇನೆ. ಅದರ ಕೆಚ್ಚಲು ಒದ್ದೆಯಾಗಿತ್ತು. ನನ್ನ ಬೆರಳಿಗೆ ಹಾಲು ಹತ್ತಿತು... ಇನ್ನೂ ಬೆಚ್ಚಗಿತ್ತು.