ಕಪ್ಪು ನೀರಲ್ಲಿ ಎರಡು ಬಿಳಿ ಚುಕ್ಕೆ

ನಗೋರು ಈಗಲೇ ಎದ್ದು ಹೋಗಿ ಮಲಗಿ. ಆಮೇಲೆ ಬಾತ್‌ರೂಮಿಗೆ ಜೊತೆಗೆ ಬಾ ಅಂದ್ರೆ ನಾನಂತೂ ಬರಲ್ಲ.

ನಮ್ಮ ದೊಡ್ಡಪ್ಪನ ಮಗ, ಫೋಟೋ ಅಣ್ಣ ಇದಾನಲ್ಲ, ಅವನಿಗಾಗಿದ್ದು ಇದು. ಅವತ್ತು ಕತ್ತಲಾದ ಮೇಲೆ ಹಾಳು ಬಾವಿ ದಾಟಿ ಮನೆಗೆ ಬರ್ತಿದ್ದ. ಬಾವಿಕಟ್ಟೆ ಹತ್ರ ಅತ್ತಿಗೆ ಕಾಯ್ತಾ ನಿಂತಿದ್ರು. ಅತ್ತಿಗೆಯ ತಮ್ಮ ಮೀನು ದೋಣಿಯಲ್ಲಿ ಹೋಗಿ ಮೂರ್ನಾಲ್ಕು ದಿನ ಆಗಿತ್ತು. ದೋಣಿ ವಾಪಸ್ ಬಂದಿರಲಿಲ್ಲ.

"ಬಂದರಲ್ಲಿ ಏನಾದ್ರೂ ಸುದ್ದಿ?"

"ಇಲ್ಲ ಕಣೆ... ನಡಿ."

ಅಷ್ಟೇ ಮಾತು. ಅತ್ತಿಗೆ ಮುಖಾನೂ ನೋಡದೆ ಮುಂದೆ ಮುಂದೆ ನಡೆದ. ಯಾಕೆ ಅಂತ ಆಮೇಲೆ ನನಗೊಬ್ಬನಿಗೇ ಹೇಳಿದ.

ಅವತ್ತು ಸಂಜೆ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಬಂದರಿನ ಫೋಟೋಗಳನ್ನ ಬ್ಲ್ಯಾಕ್ ಅಂಡ್ ವೈಟ್ ಮಾಡ್ತಾ ಕೂತಿದ್ದನಂತೆ, ಯಾವುದೋ ಹೋಟೆಲಿನ ಗೋಡೆಗೆ. ನೀರಲ್ಲಿ ಒಂದು ಕಸಕಡ್ಡಿ ಕಾಣಬಾರದು ಅಂತ ಹೋಟೆಲಿನವನ ಕಟ್ಟಪ್ಪಣೆ. ಬಣ್ಣ ತೆಗೆಯೋವಾಗ ನೀಲಿನ ಪೂರ್ತಿ ಇಳಿಸ್ತಾರೆ, ಸಮುದ್ರ ಕಪ್ಪಗಾಗುತ್ತೆ. ಹಂಗೆ ಇಳಿಸಿದ್ರೆ... ನೀರಿನ ಮಧ್ಯೆ ಎರಡು ಬಿಳಿ ಚುಕ್ಕೆ. ಬಣ್ಣದಲ್ಲಿದ್ದಾಗ ಅಲ್ಲಿ ಏನೂ ಇರಲಿಲ್ಲ.

ಪ್ಲಾಸ್ಟಿಕ್ ಇರಬೇಕು ಅಂತ ಒಂದನ್ನ ಒರೆಸಿದ. ಮೌಸ್ ಟಿಕ್ ಅಂತು. ಬೆನ್ನ ಹಿಂದೆ... ಗುಳಕ್. ಯಾರೋ ನೀರು ಕುಡಿದ ಸದ್ದು.

ತಿರುಗಿದ್ರೆ ಯಾರೂ ಇಲ್ಲ. ಇನ್ನೊಂದು ಚುಕ್ಕೆನ ದೊಡ್ಡದು ಮಾಡಿ ನೋಡ್ತಾನೆ, ಕೈ! ಏನನ್ನೋ ಬಿಗಿಯಾಗಿ ಹಿಡ್ಕೊಂಡಿರೋ ಕೈ. ಹೆಬ್ಬೆರಳಿಗೆ ಉಗುರಿಲ್ಲ. ಭಾಮೈದನ ಉಗುರು ಬಲೆ ಎಳೆಯೋವಾಗ ಕಿತ್ತುಹೋಗಿತ್ತು, ಮನೆಯವರಿಗೆಲ್ಲ ಗೊತ್ತು.

ಕಿವಿ ಹತ್ರ ಒದ್ದೆ ಉಸಿರು.

"ಭಾವ... ಅದೊಂದು ಬಿಡು."

ಬಿಡಬಾರದಿತ್ತಾ ಆ ಪಾಪಿ! ಜೀವ ಬಾಯಿಗೆ ಬಂದಿತ್ತು ಅವನಿಗೆ. ಕಣ್ಣೆದುರಿಂದ ತೊಲಗಿದ್ರೆ ಸಾಕು ಅಂತ ಒರೆಸೇಬಿಟ್ಟ. ಟಿಕ್. ಆಮೇಲೆ ಮೈಮೇಲೆ ಎಚ್ಚರ ಬಂದು ವಾಪಸ್ ತರೋಕೆ ಎಷ್ಟು ಒತ್ತಿದ್ರೂ ಬರೀ ಕಪ್ಪು ನೀರು.

ಬೆಳಿಗ್ಗೆ ಬೇರೆ ದೋಣಿಯವರು ಇಬ್ಬರನ್ನ ತಂದ್ರು. ದೋಣಿಯ ಅಡುಗೆಯವನು ಬದುಕಿದ್ದ. ಅತ್ತಿಗೆಯ ತಮ್ಮ ಹೆಣವಾಗಿದ್ದ.

ಅಡುಗೆಯವನು ಅತ್ತಿಗೆ ಮುಂದೆ ಕೂತು ಅತ್ತ. "ಇಬ್ರೂ ಒಂದೇ ಹಲಗೆ ಹಿಡ್ಕೊಂಡಿದ್ವಿ ಅಕ್ಕ. ನಿನ್ನೆ ಸಂಜೆ ತನಕ ಚೆನ್ನಾಗೇ ಇದ್ದ. ಇದ್ದಕ್ಕಿದ್ದಂಗೆ ಒಂದು ಕೈ ಮಾಯ... ಇನ್ನೊಂದ್ರಲ್ಲಿ ಹಿಡ್ಕೊಂಡು 'ಭಾವ, ಭಾವ' ಅಂತಿದ್ದ. ಆಮೇಲೆ ಅದೂ..."

ಅತ್ತಿಗೆ ಅಣ್ಣನ ಕಡೆ ತಿರುಗಿದ್ರು. "ನಿಮ್ಮನ್ನ ಯಾಕೆ ಕರೀತಿದ್ದ ರೀ?"

ಅಣ್ಣ ಎದ್ದು ಹೋಗಿ ಕೈ ತೊಳೆಯೋಕೆ ನಿಂತ.

ಹೆಣಕ್ಕೆ ಎರಡೂ ಕೈ ಇರಲಿಲ್ಲ, ಮೀನು ತಿಂದಿರುತ್ತೆ ಅಂದ್ರು ಜನ. ಬೊಗಳೆ! ಹೆಣ ಎತ್ತಿದ್ದು ನಾನು. ಎರಡೂ ಮಣಿಕಟ್ಟು ಈ ಕೈಯಾರೆ ಮುಟ್ಟಿದೀನಿ. ಗಾಯ ಇಲ್ಲ, ರಕ್ತ ಇಲ್ಲ... ಚರ್ಮ ನುಣ್ಣಗಿತ್ತು, ಹುಟ್ಟಿದಾಗಿಂದ ಕೈಯೇ ಇಲ್ಲದವನ ಥರ.