ಅಕ್ಕಲಕೋಟ ಶಾಖೆಗೆ ಲೈನ್ ಕೆಟ್ಟಿದೆಯೆಂದು ಹೇಳಿದವನ ಹೇಳಿಕೆ

ಹೆಸರು: ಗುರುಶಾಂತ ಬಸಣ್ಣ ಬಿರಾದಾರ. ವಯಸ್ಸು: 41. ಉದ್ಯೋಗ: ಬ್ಯಾಂಕಿನ ಕಂಪ್ಯೂಟರ್ ಕೇಂದ್ರದಲ್ಲಿ ಮೇನ್‌ಫ್ರೇಮ್ ಆಪರೇಟರ್, ಹಗಲು ಪಾಳಿಯ ಮುಖ್ಯಸ್ಥ. ಮೂಲ ಊರು: ಕಂದಲಗಾಂವ, ದಕ್ಷಿಣ ಸೋಲಾಪುರ ತಾಲೂಕು. ಸದ್ಯ ವಾಸ: ಜುಳೆ ಸೋಲಾಪುರ.

ಮೇಲ್ಕಂಡ ನಾನು ಯಾರೂ ಕರೆಯದೆ, ನಾನಾಗಿಯೇ ಅಕ್ಕಲಕೋಟ ಪೊಲೀಸ್ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ಕಳೆದ ಸೋಮವಾರ ಬ್ಯಾಂಕಿನ ಅಕ್ಕಲಕೋಟ ಶಾಖೆಯಲ್ಲಿ ಕ್ಯಾಶಿಯರ್ ಸ್ವಪ್ನಿಲ ಇವರ ಮೇಲೆ ನಡೆದ ಹಲ್ಲೆಯ ಪ್ರಕರಣದಲ್ಲಿ, ಕೌಂಟರ್ ನಿಂತದ್ದಕ್ಕೆ ಇದುವರೆಗೆ ಬರೆದುಕೊಂಡಿರುವ ಕಾರಣ ಸುಳ್ಳು. ಆ ದಿನ ಟೆಲಿಫೋನ್ ಲೈನ್ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ಹೇಳಿದವನು ನಾನು. ಬ್ಯಾಂಕಿನ ಹೆಸರು ಮೂಲ ಫಿರ್ಯಾದಿನಲ್ಲಿ ಇರುವುದರಿಂದ ಇಲ್ಲಿ ಮತ್ತೆ ಬರೆಸುವುದಿಲ್ಲ.

ಹವಾಲ್ದಾರ ಚನ್ನವೀರಪ್ಪನವರು ಮೊದಲು ಮರಾಠಿಯಲ್ಲಿ ಬರೆದುಕೊಳ್ಳಲು ಕೂತರು. ಕನ್ನಡದಲ್ಲಿ ಬರೆದುಕೊಳ್ಳಿ, ಮರಾಠಿಗೆ ಆಮೇಲೆ ತಿರುಗಿಸಿಕೊಳ್ಳಿ ಎಂದು ನಾನು ಕೇಳಿಕೊಂಡೆ. ಹದಿನೇಳು ವರ್ಷದಿಂದ ಕಚೇರಿಯಲ್ಲಿ ಮರಾಠಿಯಲ್ಲೇ ನೆಪ ಹೇಳಿ ನನಗೆ ರೂಢಿಯಾಗಿದೆ, ಅದರಲ್ಲಿ ಮಾತು ಸಲೀಸಾಗಿ ಜಾರಿಕೊಳ್ಳುತ್ತದೆ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಮನೆಯ ಮಾತಿನಲ್ಲಿ ಹೇಳಿದರೆ ತಪ್ಪಿಸಿಕೊಳ್ಳುವುದು ಕಷ್ಟ. ಅವರು ಒಪ್ಪಿದರು.

ನನ್ನ ಅಕ್ಕ ಕಸ್ತೂರಬಾಯಿಯನ್ನು ಭಂಡಾರಕವಠೆಯ ಮಲಕಾಜಪ್ಪ ಎಂಬುವರಿಗೆ ಕೊಟ್ಟಿದೆ. ಅವರದು ಒಕ್ಕಲುತನ. ಅವರ ಮಗಳು ಶುಭಾಂಗಿ ಶಾಲೆಯಲ್ಲಿ ಕಲಿಸುತ್ತಾಳೆ. ಆಕೆಗೆ ಇದೇ ಸ್ವಪ್ನಿಲನ ಜೊತೆ ಲಗ್ನದ ಮಾತು ನಡೆದಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ನಮ್ಮಲ್ಲಿ ಹುಡುಗಿಯ ಸೋದರಮಾವ ಹೂಂ ಎನ್ನದೆ ಮಾತು ಮುಂದೆ ಹೋಗುವುದಿಲ್ಲ, ಹುಡುಗ ಎಂಥವನು ಎಂಬ ಚೌಕಶಿಯೂ ಅವನ ಪಾಲಿನ ಕೆಲಸವೇ. ಎಲ್ಲರೂ ಹುಡುಗನ ಓಣಿಗೆ ಹೋಗುತ್ತಾರೆ, ಚಹಾದಂಗಡಿಯಲ್ಲಿ ಕೂರುತ್ತಾರೆ, ಅಕ್ಕಪಕ್ಕದವರನ್ನು ಮಾತಿಗೆಳೆಯುತ್ತಾರೆ. ನಾನು ಆ ಶ್ರಮ ತೆಗೆದುಕೊಳ್ಳಲಿಲ್ಲ. ಅದೇ ಬ್ಯಾಂಕಿನ ನೌಕರ ನಾನು, ಓಣಿಯಲ್ಲಿ ಅಡ್ಡಾಡಿದರೆ ಹುಡುಗನಿಗೆ ಗೊತ್ತಾಗುತ್ತದೆ ಎಂದು ಮುಂದೂಡುತ್ತಾ ಬಂದೆ.

ಭಾನುವಾರ ಅಕ್ಕ, ಭಾವ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಮರುದಿನ ಸಂಜೆ ಗಂಡಿನ ಮನೆಗೆ ಮಾತು ಕೊಡಬೇಕು, ನಿನ್ನ ಚೌಕಶಿ ಏನಾಯಿತು ಎಂದು ಭಾವ ಕೇಳಿದರು. ಇನ್ನೂ ಆಗಿಲ್ಲ ಎಂದೆ.

“ಗುರುಶಾಂತ, ಓಣ್ಯಾಗ ಕೇಳಿದ್ರ ಮಂದಿ ಬೇಕಾದ್ದ ಹೇಳತಾರ. ನಿಮ್ಮ ಮಷೀನ ಸುಳ್ಳ ಹೇಳಾಂಗಿಲ್ಲ. ಅವನ ಖಾತಿ ಒಮ್ಮಿ ನೋಡಿಬಿಡು” ಎಂದರು.

ಬರವಣಿಗೆಯಲ್ಲಿ ಅರ್ಜಿಯಿಲ್ಲದೆ ಯಾರ ಖಾತೆಯನ್ನೂ ತೆರೆಯಬಾರದು ಎಂಬುದು ನನಗೆ ಗೊತ್ತು. ಹೊಸಬರಿಗೆ ಅದನ್ನು ಕಲಿಸುವವನೇ ನಾನು. ಆದರೆ ಅಕ್ಕ ನನ್ನ ಕಡೆ ನೋಡುತ್ತಿದ್ದಳು. ತಮ್ಮ ದೊಡ್ಡ ಮನುಷ್ಯ ಎಂಬ ಅವಳ ನೋಟಕ್ಕೆ ನಾನು ಉಬ್ಬಿಹೋದೆ. ಅದೇನು ದೊಡ್ಡ ಕೆಲಸ, ಎರಡು ನಿಮಿಷದ್ದು ಎಂದುಬಿಟ್ಟೆ.

ಸೋಮವಾರ ನಾನು ಹೋಟಗಿ ರಸ್ತೆಯ ಕೇಂದ್ರದಲ್ಲಿ ಹಗಲು ಪಾಳಿಯಲ್ಲಿದ್ದೆ. ಜೊತೆಗೆ ಕನ್ಸೋಲಿನಲ್ಲಿ ಮರವಡೆ ಕಡೆಯ ಸ್ನೇಹಲ ಎಂಬ ಕಿರಿಯ ಆಪರೇಟರ್ ಇದ್ದಳು. ಕನ್ಸೋಲ್ ಎಂದರೆ ಮೇನ್‌ಫ್ರೇಮಿಗೆ, ಅಂದರೆ ಎಲ್ಲ ಶಾಖೆಗಳ ಲೆಕ್ಕ ನಡೆಸುವ ದೊಡ್ಡ ಮಷೀನಿಗೆ, ಆಜ್ಞೆ ಕೊಡುವ ಪರದೆ. ಅಲ್ಲಿ ಕೊಟ್ಟ ಆಜ್ಞೆ, ಬಂದ ಉತ್ತರ ಎರಡೂ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಎಲ್ಲರಿಗೂ ಕಾಣುತ್ತವೆ.

ಬೆಳಿಗ್ಗೆ 11:40ಕ್ಕೆ ನಾನು ನನ್ನ ಸ್ವಂತ ಟರ್ಮಿನಲ್ಲಿನಿಂದ ಹುಡುಕಾಟ ಹಚ್ಚಿದೆ. ಖಾತೆ ನಂಬರ್ ಇದ್ದರೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕೆಲಸ ಮುಗಿಯುತ್ತಿತ್ತು. ನಂಬರ್ ನನ್ನ ಬಳಿ ಇರಲಿಲ್ಲ, ಕೇಳಿದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಹೀಗಾಗಿ ಹೆಸರು ಹಿಡಿದು ಹುಡುಕಿಸಿದೆ. ನಮ್ಮ ಫೈಲ್ ಸಿಸ್ಟಂನಲ್ಲಿ ಹನ್ನೊಂದು ವರ್ಷದ ಖಾತೆ ಉತಾರಗಳು, ಅಂದರೆ ಜಮಾ-ಖರ್ಚಿನ ಪ್ರತಿಗಳೆಲ್ಲ, ಒಂದೇ ಡೈರೆಕ್ಟರಿಯಲ್ಲಿ, ಒಂದೇ ಕಪಾಟಿಗೆ ತುರುಕಿದ ಹಾಗೆ, ಲಕ್ಷಗಟ್ಟಲೆ ಬಿದ್ದಿವೆ. ಕೌಂಟರಿನಲ್ಲಿ ಆಗುವ ಪ್ರತಿ ವ್ಯವಹಾರದ ಚೀಟಿಯೂ ಅಲ್ಲೇ ಹೊಸ ಫೈಲಾಗಿ ಬೀಳಬೇಕು. ಡೈರೆಕ್ಟರಿ ಹಳೆಯ ಪದ್ಧತಿಯದು, ಒಬ್ಬರು ಅದನ್ನು ಪೂರ್ತಿ ಜಾಲಾಡುತ್ತಿದ್ದರೆ ಉಳಿದವರು ಬಾಗಿಲಲ್ಲಿ ನಿಲ್ಲಬೇಕು. ಹಗಲು ಹೊತ್ತು ಅದನ್ನು ಯಾರೂ ಮುಟ್ಟಕೂಡದು ಎಂದು ನಾನೇ ಗೋಡೆಗೆ ಚೀಟಿ ಅಂಟಿಸಿದ್ದೇನೆ. ಅಂದು ನನ್ನ ಚೀಟಿ ನನಗೆ ಕಾಣಲಿಲ್ಲ.

ಹತ್ತು ನಿಮಿಷದೊಳಗೆ ಶಾಖೆಗಳಿಂದ ಫೋನು ಬರತೊಡಗಿದವು. ಎಲ್ಲ ಕಡೆ ಕೌಂಟರ್ ನಿಂತಿದೆ, ಒತ್ತಿದ ಗುಂಡಿಗೆ ಉತ್ತರವಿಲ್ಲ ಎಂದರು. ನನಗೆ ಆಗಲೇ ಅನುಮಾನ ಬಂತು. ಹುಡುಕಾಟ ನಿಲ್ಲಿಸಲು ನೋಡಿದೆ. ನನ್ನ ಟರ್ಮಿನಲ್ ಕೂಡ ಹೆಪ್ಪುಗಟ್ಟಿತ್ತು, ಯಾವ ಗುಂಡಿಗೂ ಬಗ್ಗಲಿಲ್ಲ.

ಇಂಥ ಹೊತ್ತಿನಲ್ಲಿ ಆಪರೇಟರ್ ಮಾಡಬೇಕಾದದ್ದು ಇಷ್ಟೇ. ಮೊದಲು ಡಿ ಓಎಂವಿಎಸ್, ಡಬ್ಲ್ಯೂ ಎಂಬ ಆಜ್ಞೆ. ಯಾರು ಕಾಯುತ್ತಿದ್ದಾರೆ, ಯಾರಿಂದಾಗಿ ಕಾಯುತ್ತಿದ್ದಾರೆ ಎಂದು ಅದು ಹೆಸರು ಸಮೇತ ತೋರಿಸುತ್ತದೆ. ಅದರಿಂದ ತಿಳಿಯದಿದ್ದರೆ ಎಫ್ ಝಡ್‌ಎಫ್‌ಎಸ್, ಕ್ವೆರಿ, ಥ್ರೆಡ್ಸ್. ಅದು ಫೈಲ್ ಸಿಸ್ಟಂನ ಒಳಗೆ ಯಾವ ಕೆಲಸ ಎಷ್ಟು ಹೊತ್ತಿನಿಂದ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳುತ್ತದೆ. ಹಿಡಿದು ನಿಂತವನು ಗೊತ್ತಾದ ಮೇಲೆ ಅವನ ಕೆಲಸವನ್ನು ಕ್ಯಾನ್ಸಲ್ ಮಾಡುವುದು. ಎಲ್ಲ ಸೇರಿ ಐದು ನಿಮಿಷವೂ ಹಿಡಿಯುವುದಿಲ್ಲ. ಸ್ನೇಹಲ ಮೊದಲ ಆಜ್ಞೆಯನ್ನು ಬರೆದು, ಎಂಟರ್ ಒತ್ತುವ ಮುಂಚೆ ರೂಢಿಯಂತೆ ನನ್ನ ಕಡೆ ತಿರುಗಿ ಒತ್ತಲೇ ಎಂದು ಕೇಳಿದಳು.

ಒತ್ತಿದ್ದರೆ ಗೋಡೆಯ ಮೇಲೆ ನನ್ನ ಹೆಸರು ಬರುತ್ತಿತ್ತು. ಯಾರ ಖಾತೆ ಹುಡುಕುತ್ತಿದ್ದೆ ಎಂಬ ಮಾತು ಅದರ ಹಿಂದೆಯೇ ಏಳುತ್ತಿತ್ತು. ನಾನು ಬೇಡ ಎಂದೆ. ಇದು ಲೈನಿನ ತೊಂದರೆ, ಮೊದಲು ಲೈನಿನವರಿಗೆ ಫೋನ್ ಹಚ್ಚು ಎಂದೆ. ಆಕೆ ಅಳಿಸಿ, ಫೋನ್ ಹಿಡಿದು ಕೂತಳು. ಹುಡುಕಾಟ ಈಗ ಮುಗಿಯುತ್ತದೆ, ಇನ್ನೆರಡು ನಿಮಿಷದಲ್ಲಿ ಮುಗಿಯುತ್ತದೆ ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ.

12:05ಕ್ಕೆ ಅಕ್ಕಲಕೋಟ ಶಾಖೆಯಿಂದ ಸ್ವಪ್ನಿಲ ಫೋನ್ ಮಾಡಿದ. ಲಗ್ನದ ಮಾತು ಶುರುವಾದಾಗಿನಿಂದ ಅವನು ನನ್ನನ್ನು ಮಾಮಾ ಎನ್ನುತ್ತಾನೆ. ಕೌಂಟರಿನ ಮುಂದೆ ಬಹಳ ಮಂದಿ ಇದ್ದಾರೆ, ಮಷೀನು ನಿಂತಿದೆಯೋ ಲೈನ್ ಹೋಗಿದೆಯೋ ಎಂದು ಕೇಳಿದ. ಈ ಪ್ರಶ್ನೆಗೆ ಅರ್ಥವಿದೆ. ಮಷೀನು ನಿಂತಿದೆ ಎಂದು ಕೇಂದ್ರ ಹೇಳಿದರೆ, ಶಾಖೆಯವರು ಮ್ಯಾನೇಜರ್ ಸಹಿಯ ಮೇಲೆ ಕೈಯಿಂದಲೇ ಪಾವತಿ ಶುರು ಮಾಡಬಹುದು. ಲೈನ್ ಹೋಗಿದೆ ಎಂದರೆ ಕಾಯಬೇಕು. ಮಷೀನು ನಿಂತಿದೆ ಎಂದು ಹೇಳಿದರೆ ನಾನು ಕಾರಣ ಬರೆದುಕೊಡಬೇಕಿತ್ತು. ಲೈನ್ ಕೆಟ್ಟಿದೆ, ಹತ್ತು ನಿಮಿಷ ಎಂದೆ. ಹೂಂ ಎಂದು ಫೋನ್ ಇಟ್ಟ.

12:30ಕ್ಕೆ ಮತ್ತೆ ಮಾಡಿದ. ಮತ್ತೆ ಹತ್ತು ನಿಮಿಷ ಎಂದೆ. ಆ ವೇಳೆಗೆ ಸ್ನೇಹಲ ಫೋನ್ ಇಟ್ಟು, ಲೈನ್ ಸರಿಯಾಗಿಯೇ ಇದೆ ಅಂತಾರೆ, ಎರಡನೇ ಆಜ್ಞೆಯನ್ನಾದರೂ ಕೊಟ್ಟು ನೋಡೋಣ ಎಂದಳು. ನನಗೆ ಕಲಿಸಬೇಡ ಎಂದು ಗದರಿದೆ. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಆಕೆ ತಲೆ ತಗ್ಗಿಸಿದಳು. ಹದಿನೇಳು ವರ್ಷದಲ್ಲಿ ನಾನು ಕೈಕೆಳಗಿನವರಿಗೆ ಹಾಗೆ ಅಂದಿರಲಿಲ್ಲ.

ಇನ್ನೊಂದು ವಿಷಯವನ್ನೂ ಬರೆಸುತ್ತೇನೆ. ಹ್ಯಾಂಗ್‌ಬ್ರೇಕ್ ಎಂಬ ಆಜ್ಞೆ ಇದೆ. ಸಿಕ್ಕಿಕೊಂಡದ್ದನ್ನೆಲ್ಲ ಒಮ್ಮೆಲೆ ಹರಿದುಹಾಕುತ್ತದೆ, ಯಾರ ಹೆಸರನ್ನೂ ತೋರಿಸುವುದಿಲ್ಲ. ಆದರೆ ಎಲ್ಲ ಶಾಖೆಗಳಲ್ಲಿ ಅರ್ಧಕ್ಕೆ ನಿಂತ ವ್ಯವಹಾರಗಳು ತಪ್ಪಾಗಿ ಬೀಳುತ್ತವೆ. ನಾನು ಸ್ನೇಹಲಳನ್ನು ಎಬ್ಬಿಸಿ ಕನ್ಸೋಲಿನಲ್ಲಿ ಕೂತು ಅದನ್ನು ಬರೆದೆ, ಬೆರಳನ್ನು ಎಂಟರ್ ಮೇಲೆ ಇಟ್ಟೆ. ಒತ್ತಲಿಲ್ಲ. ಮಂದಿಯ ದುಡ್ಡಿನ ಚಿಂತೆಯಿಂದ ಬಿಟ್ಟೆ ಎಂದು ಹೇಳಬಹುದಿತ್ತು. ಖರೆ ಹೇಳಬೇಕೆಂದರೆ, ಹಾಗೆ ತಪ್ಪಾಗಿ ಬಿದ್ದರೆ ದೊಡ್ಡ ತನಿಖೆ ಆಗುತ್ತದೆ ಎಂದು ಹೆದರಿ ಬಿಟ್ಟೆ.

12:50ಕ್ಕೆ ಸ್ವಪ್ನಿಲ ಮೂರನೇ ಸಲ ಫೋನ್ ಮಾಡಿದ. ಹಿಂದೆ ಬಹಳ ಗಲಾಟೆ ಕೇಳಿಸುತ್ತಿತ್ತು.

“ಮಾಮಾ, ಎರಡ ಸಲ ಹತ್ತ ಮಿನಿಟ ಅಂತ ಹೇಳೀನ್ರಿ ಮಂದಿಗಿ. ಈಗ ನಂಬವಲ್ರು. ಖರೇನ ಎಷ್ಟ ಹೊತ್ತ ಆಗ್ತದ ಹೇಳ್ರಿ, ಅಷ್ಟಽ ಹೇಳತೀನಿ” ಎಂದ.

ನಾನು ಹತ್ತು ನಿಮಿಷ ಎಂದೆ.

ಆಮೇಲೆ ನಡೆದದ್ದನ್ನು ನಾನು ಕಂಡಿಲ್ಲ, ಶಾಖೆಯವರು ಹೇಳಿದ್ದು. ಮೈಲಾರಲಿಂಗ ಎಂಬ ರೈತ, ತನ್ನ ಮಗಳ ನರ್ಸಿಂಗ್ ಪ್ರವೇಶದ ಫೀ ಕಳಿಸಲು ಬೆಳಿಗ್ಗೆಯಿಂದ ನಿಂತಿದ್ದ. ಅಂದು ಮಧ್ಯಾಹ್ನ 2ಕ್ಕೆ ಕೊನೆಯ ಗಡುವು. ಸ್ವಪ್ನಿಲ ಮೂರನೇ ಸಲ ಹತ್ತು ನಿಮಿಷ ಎಂದಾಗ, ಇವನು ಬೇಕೆಂದೇ ಕೌಂಟರ್ ಮುಚ್ಚಿ ತನ್ನ ಮಂದಿಗೆ ಹಿಂದಿನಿಂದ ದುಡ್ಡು ಕೊಡುತ್ತಿದ್ದಾನೆ ಎಂದು ಯಾರೋ ಕೂಗಿದರು. ಮೈಲಾರಲಿಂಗ ಕೌಂಟರಿನ ಮೇಲಿದ್ದ ಕಬ್ಬಿಣದ ಪಂಚಿಂಗ್ ಮಷೀನು ಎತ್ತಿ ಹೊಡೆದ. ಅದು ಸ್ವಪ್ನಿಲನ ಎಡಗಣ್ಣಿನ ಮೇಲೆ ಬಿತ್ತು. ಏಳು ಹೊಲಿಗೆ ಹಾಕಿದ್ದಾರೆ. ಮೈಲಾರಲಿಂಗನನ್ನು ಪೊಲೀಸರು ಹಿಡಿದೊಯ್ದರು, ಫೀ ಹೋಗದೆ ಗಡುವು ಮೀರಿತು. ಮೈಲಾರಲಿಂಗ ಹೊಡೆದದ್ದು ತಪ್ಪೇ. ಆದರೆ 12:05ಕ್ಕೆ ನಾನು ನಿಜ ಹೇಳಿದ್ದರೆ, ಒಂದು ಗಂಟೆಗೆಲ್ಲ ಅವನ ಕೆಲಸ ಕೈಯಿಂದಲೇ ಆಗಿರುತ್ತಿತ್ತು.

1:10ಕ್ಕೆ ಶಾಖೆಯಿಂದ ಸುದ್ದಿ ಬಂತು. ಸ್ನೇಹಲಳಿಗೆ ಆಜ್ಞೆ ಕೊಡು ಎಂದೆ. ಆಕೆ ಕೊಟ್ಟಳು. ಗೋಡೆಯ ಪರದೆಯಲ್ಲಿ ಕಾಯುತ್ತಿದ್ದವರ ಸಾಲು ಉದ್ದಕ್ಕೆ ಬಂತು. ಹಿಡಿದು ನಿಂತವರ ಜಾಗದಲ್ಲಿ ಒಂದೇ ಹೆಸರಿತ್ತು.

“ಸರ, ಇದು ನಿಮ್ಮ ಐಡಿ ಅದ” ಎಂದು ಆಕೆ ಮೆಲ್ಲಗೆ ಹೇಳಿದಳು.

ಕ್ಯಾನ್ಸಲ್ ಮಾಡು ಎಂದೆ. ಮಾಡಿದಳು. ನಿಮಿಷದೊಳಗೆ ಎಲ್ಲ ಶಾಖೆಗಳ ಕೌಂಟರ್ ಶುರುವಾದವು. ಆಕೆ ಅದರ ಬಗ್ಗೆ ಇದುವರೆಗೆ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ, ನನ್ನ ಮುಖವನ್ನೂ ನೋಡಿಲ್ಲ. ಮಷೀನಿನ ದಾಖಲೆಯಲ್ಲಿ ಎಲ್ಲವೂ ಇದೆ. ಅದನ್ನು ತೆಗೆದು ನೋಡಿ ವರದಿ ಕೊಡಬೇಕಾದವನು ಪಾಳಿಯ ಮುಖ್ಯಸ್ಥ, ಅಂದರೆ ನಾನೇ. ಲೈನಿನ ದೋಷ ಎಂದು ವರದಿ ಕೊಟ್ಟೆ.

ಅದೇ ಸಂಜೆ ಭಾವನವರ ಜೊತೆ ಅಕ್ಕಲಕೋಟದ ದವಾಖಾನೆಗೆ ಹೋಗಿ ಸ್ವಪ್ನಿಲನನ್ನು ನೋಡಿದೆ. ಮುಖ ಬಾತಿತ್ತು. ನನ್ನನ್ನು ಕಂಡು ಏಳಲು ಹೋದ. ಪೊಲೀಸರಿಗೆ ಲೈನ್ ಕೆಟ್ಟಿತ್ತು ಎಂದು ಬರೆಸಿದ್ದಾಗಿ ಹೇಳಿದ. ಹೇಳಿದವರು ಯಾರು ಎಂದು ಕೇಳಿದಾಗ ನನ್ನ ಹೆಸರು ಹೇಳಲಿಲ್ಲವಂತೆ, ನಿಮಗ್ಯಾಕೆ ಇಲ್ಲದ ತ್ರಾಸು ಮಾಮಾ ಎಂದ. ನಾನು ತಂದಿದ್ದ ಎಳನೀರನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ. ಆ ಹೊತ್ತಿನಲ್ಲೂ ಬಾಯಿ ಬಿಡಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಲೈನ್ ಹೋಗಿದೆ ಎಂದು ಕೇಂದ್ರದಲ್ಲಿ ಯಾರು ಹೇಳಿದರೆಂಬುದನ್ನು ಅವನು ಬಾಯಿ ಬಿಡದ್ದರಿಂದ, ಮಂಗಳವಾರ ಬ್ಯಾಂಕಿನವರು ಕೈಯಿಂದ ಪಾವತಿ ಯಾಕೆ ಶುರು ಮಾಡಲಿಲ್ಲ ಎಂದು ಸ್ವಪ್ನಿಲನಿಗೇ ಕಾರಣ ಕೇಳಿದರು. ಊರಲ್ಲಿ ಮಾತು ಬೆಳೆಯಿತು. ನಿನ್ನೆ, ಬುಧವಾರ, ಭಾವ ಫೋನ್ ಮಾಡಿದರು. ಮಂದಿ ಕೈಯಲ್ಲಿ ಹೊಡೆತ ತಿಂದ ಹುಡುಗ, ಏನೋ ಇಲ್ಲದೆ ಹೊಡೆಯುವುದಿಲ್ಲ, ಈ ಸಂಬಂಧ ಬೇಡ ಎಂದರು.

“ಬ್ಯಾಡ ಅನ್ನೋದು ನಿನ್ನ ಬಾಯಿಂದ ಹೋಗಲಿ. ಸ್ವಾದರಮಾವ ನೀ. ಚೌಕಶಿ ಮಾಡೀನಿ, ಸರಿ ಬರಲಿಲ್ಲ ಅಂದುಬಿಡು” ಎಂದರು.

ಫೋನ್ ಇಟ್ಟ ಮೇಲೆ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಶುಭಾಂಗಿ ಸಣ್ಣವಳಿದ್ದಾಗಿನಿಂದ ನನ್ನ ಮಾತನ್ನು ಒಮ್ಮೆಯೂ ಮೀರಿದವಳಲ್ಲ. ನಾನು ಬೇಡ ಎಂದರೆ ಆಕೆ ಯಾಕೆ ಎಂದೂ ಕೇಳುತ್ತಿರಲಿಲ್ಲ. ಆ ಹುಡುಗನ ಹೆಸರಿಗೆ ಮಸಿ ಬಳಿದವನು ನಾನು. ಆ ಮಸಿ ತೋರಿಸಿ ಅವನನ್ನು ಬೇಡ ಎನ್ನಬೇಕಾದವನೂ ನಾನೇ. ಇಷ್ಟು ನಾಚಿಕೆಗೆಟ್ಟವನಾಗಲು ನನ್ನಿಂದ ಆಗಲಿಲ್ಲ.

ಇಂದು ಬೆಳಿಗ್ಗೆ ಮೊದಲ ಬಸ್ಸಿಗೆ ಅಕ್ಕಲಕೋಟಕ್ಕೆ ಬಂದು, ಠಾಣೆಗೆ ಬರುವ ಮೊದಲು ದವಾಖಾನೆಗೆ ಹೋದೆ. ಸ್ವಪ್ನಿಲನಿಗೆ ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಲೈನ್ ಕೆಟ್ಟಿರಲಿಲ್ಲ ಎಂದೆ, ಅವನ ಖಾತೆ ಹುಡುಕುತ್ತಿದ್ದೆ ಎಂದೆ, ಅದಕ್ಕೇ ಕೌಂಟರ್ ನಿಂತದ್ದು ಎಂದೆ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಏನು ಸಿಕ್ಕಿತು ಎಂದಷ್ಟೇ ಕೇಳಿದ. ಏನೂ ಸಿಗಲಿಲ್ಲ, ಹುಡುಕಾಟ ಅವನ ಹೆಸರಿನ ತನಕ ಮುಟ್ಟಲೇ ಇಲ್ಲ ಎಂದೆ.

“ನಂಬರ ಕೇಳಿದ್ರ ನಾನಽ ಕೊಡತಿದ್ನೆಲ್ರಿ, ಮಾಮಾ” ಎಂದು, ಗೋಡೆಯ ಕಡೆ ತಿರುಗಿ ಮಲಗಿದ.

ಅಲ್ಲಿಂದ ನಡೆದುಕೊಂಡು ಠಾಣೆಗೆ ಬಂದೆ. ನನ್ನ ಮೇಲೆ ಆಗಬೇಕಾದ ಕ್ರಮಕ್ಕೆ ತಕರಾರಿಲ್ಲ. ಮೈಲಾರಲಿಂಗನ ಮಗಳ ಪ್ರವೇಶ ತಪ್ಪಿದ್ದು ಯಾರಿಂದ ಎಂಬುದನ್ನು ಆ ಕಾಲೇಜಿನವರಿಗೆ ಈ ಹೇಳಿಕೆಯ ಪ್ರತಿ ಕೊಟ್ಟು ತಿಳಿಸಬೇಕೆಂದು ಬೇಡಿಕೊಳ್ಳುತ್ತೇನೆ. ಲಗ್ನದ ಮಾತು, ಚೌಕಶಿಯ ಮಾತು ಮನೆತನದ ವಿಷಯ, ಬೇಕಾದರೆ ಅದನ್ನು ಬಿಟ್ಟು ಬರೆಯುತ್ತೇನೆ ಎಂದು ಚನ್ನವೀರಪ್ಪನವರು ಕೇಳಿದರು. ಬಿಡಬೇಡಿ ಎಂದೆ. ಹುಡುಗನಲ್ಲಿ ದೋಷವಿಲ್ಲ, ದೋಷ ಹುಡುಗಿಯ ಸೋದರಮಾವನಲ್ಲಿ ಎಂಬುದನ್ನು ನನ್ನ ಅಕ್ಕ, ಭಾವ, ಶುಭಾಂಗಿ ಮೂವರೂ ಓದಬೇಕು. ಬೇಡ ಎನ್ನುವ ಹಕ್ಕು ಈಗ ಇರುವುದು ಸ್ವಪ್ನಿಲನಿಗೆ.

ಮೇಲೆ ಬರೆದದ್ದನ್ನು ನನಗೆ ಒಂದಕ್ಷರ ಬಿಡದೆ ಓದಿ ಹೇಳಿದ್ದಾರೆ. ಕೇಳಿದೆ. ಎಲ್ಲವೂ ನಾನು ಹೇಳಿದಂತೆಯೇ ಇದೆ, ನಾನು ಹೇಳಿದ್ದೆಲ್ಲವೂ ನಡೆದದ್ದೇ.

ಸ್ಥಳ: ಅಕ್ಕಲಕೋಟ
ದಿನಾಂಕ: 17 ಜುಲೈ 2025, ಗುರುವಾರ

ಸಹಿ
ಗುರುಶಾಂತ ಬಸಣ್ಣ ಬಿರಾದಾರ

ನನ್ನ ಸಮಕ್ಷಮ ಬರೆದುಕೊಂಡಿದ್ದು
ಚನ್ನವೀರಪ್ಪ, ಹವಾಲ್ದಾರ